ಚುಕ್ಕಾಣಿ ಎಂಬ ಶಬ್ದದ ಅರ್ಥವಿಚಾರ

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ಒಳನಾಡಿನ ನಗರ. ಆದರೂ ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಹಡಗನ್ನೇ ಕಾಣದ ವಾಚಕರು ‘ಆಡಳಿತದ ಚುಕ್ಕಾಣಿ’, ‘ಸಂಸ್ಥೆಯ ಚುಕ್ಕಾಣಿ’ ಎಂಬ ಮಾತುಗಳನ್ನು ವೃತ್ತಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಓದುತ್ತಾರೆ. ಲಾಕ್ಷಣಿಕಾರ್ಥವು ಹೀಗೆ ಪ್ರಬಲವಾಗಿ ವಾಚ್ಯಾರ್ಥವು ಮಸುಕಾದುದರಿಂದ, ಚುಕ್ಕಾಣಿಯೆಂದರೆ ಹುಟ್ಟು ಎಂದಾಗಲಿ, ಗದ್ದುಗೆಗೆ ಪರ್ಯಾಯವಾದ ಮಾತೆಂದಾಗಲಿ ಭಾವಿಸುವುದುಂಟು. ಇವೆರಡೂ ಯುಕ್ತವಲ್ಲ.

ಚುಕ್ಕಾಣಿಯೆಂಬುದು ಹಡಗಿನ ಹಿಂತುದಿಯಲ್ಲಿ ನೀರಿನೊಳಕ್ಕೆ ಇಳಿದಿದ್ದು, ಬಾಗಿಲು ಕೀಲಿನ ಮೇಲೆ ತಿರುಗುವಂತೆ ಎಡಬಲಗಳಿಗೆ ಹೊರಳುವ ಹಲಗೆ. ಅದರ ಮೇಲ್ತುದಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ಹಲಗೆಯು ಎಡಕ್ಕೆ ಹೊರಳುತ್ತದೆ. ಎದುರಾಗಿ ಬರುವ ನೀರಿನ ಒತ್ತಡದಿಂದ ಹಡಗಿನ ಹಿಂಭಾಗವು ಬಲಕ್ಕೆ ಸರಿದು ಮುಂಭಾಗವು ಎಡಕ್ಕೆ ತಿರುಗುತ್ತದೆ. ಹುಟ್ಟು ದೋಣಿಯನ್ನು ಮುಂದಕ್ಕೆ ನಡೆಸುವ ಸಾಧನ. ಚುಕ್ಕಾಣಿಯಾದರೋ ನಡೆಯುತ್ತಿರುವ ಹಡಗಿಗೆ ದಿಕ್ಕನ್ನು ಮಾತ್ರ ಕೊಡುವುದು. ನಿಶ್ಚಲವಾದ ನೀರಿನಲ್ಲಿ ನಿಂತ ಹಡಗನ್ನು ಅದು ತಿರುಗಿಸಲಾರದು. ತುಂಗಭದ್ರೆಯ ಹರಿಗೋಲು ದುಂಡಾದುದು. ಅದಕ್ಕೆ ಮುಂದು ಹಿಂದುಗಳಿಲ್ಲ. ಅಲ್ಲಿ ನಡೆಸುವ ಕೆಲಸವನ್ನೂ ತಿರುಗಿಸುವ ಕೆಲಸವನ್ನೂ ಹುಟ್ಟೇ ಮಾಡುತ್ತದೆ. ಆದುದರಿಂದ ಚುಕ್ಕಾಣಿಯು ಹರಿಗೋಲಿನ ಮಾತಲ್ಲ, ಕಡಲಿನ ಮಾತು.

ಈ ಶಬ್ದದ ಮೂಲವು ಅರಬ್ಬೀ ಭಾಷೆಯ ‘ಸುಕ್ಕಾನ್’. ಅದಕ್ಕೆ ಅರ್ಥವು ಚುಕ್ಕಾಣಿಯೆಂದೇ. ಅದರಿಂದಾದ ‘ಸುಕ್ಕಾನೀ’ ಎಂಬುದು ಚುಕ್ಕಾಣಿ ಹಿಡಿಯುವವನಿಗೆ ಹೆಸರು. ಇದೇ ಆಂಗ್ಲ ನಾವಿಕರ ಬಾಯಲ್ಲಿ ‘ಸೀಕನ್ನಿ’ಯಾಯಿತು. ಗುಜರಾತಿಯಲ್ಲಿ ‘ಸುಕಾನ್’, ‘ಸುಕಾನೀ’ ಎಂದು ವಸ್ತುವಿಗೂ ವ್ಯಕ್ತಿಗೂ ಇರುವ ಭೇದವು ಉಳಿದಿದೆ. ಮರಾಠಿಯಲ್ಲಿ ‘ಸುಕಾಣೂ’, ತಮಿಳು ಮಲಯಾಳಗಳಲ್ಲಿ ‘ಚುಕ್ಕಾನ್’, ತೆಲುಗಿನಲ್ಲಿ ‘ಚುಕ್ಕಾನಿ’ ಎಂಬ ರೂಪಗಳಿವೆ. ಕನ್ನಡದ ರೂಪವು ಚಕಾರದಲ್ಲಿಯೂ ಒತ್ತಕ್ಷರದಲ್ಲಿಯೂ ದಕ್ಷಿಣದ ಭಾಷೆಗಳನ್ನು, ಣಕಾರದಲ್ಲಿ ಮರಾಠಿಯನ್ನು ಹೋಲುತ್ತದೆ. ದುಕಾನು, ಸಾಮಾನು ಮೊದಲಾದ ಅನ್ಯದೇಶ್ಯಗಳು ಉಕಾರಾಂತವಾಗಿರುವಾಗ ಇದು ಇಕಾರಾಂತವಾಗಿರುವುದನ್ನು ನೋಡಿದರೆ, ವ್ಯಕ್ತಿವಾಚಕವಾದ ‘ಸುಕ್ಕಾನೀ’ ಎಂಬುದೇ ಇಲ್ಲಿ ವಸ್ತುವಾಚಕವಾಯಿತೆಂದು ಊಹಿಸಲು ಅವಕಾಶವುಂಟು.

ಇಂತಹ ಮಾತು ಕರಾವಳಿಗೆ ಬಂದುದು ಆಶ್ಚರ್ಯವಲ್ಲ. 12ನೆಯ ಶತಮಾನದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿದ್ದು ಏಡನ್ನಿನೊಡನೆ ವ್ಯಾಪಾರ ನಡೆಸಿದನು. ಅವನ ಅರಬ್ಬೀ ಭಾಷೆಯ ಪತ್ರಗಳು ಕೈರೋ ನಗರದಲ್ಲಿ ದೊರೆತಿವೆ. 14ನೆಯ ಶತಮಾನದಲ್ಲಿ ಇಬ್ನ್ ಬತೂತನು ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡನು. 1237ರಲ್ಲಿ ಬಾಗ್ದಾದಿನ ಅಲ್-ವಾಸಿತಿಯು ಬರೆದ ಚಿತ್ರವೊಂದರಲ್ಲಿ ಹಡಗಿನ ಹಿಂತುದಿಗೆ ಜೋಡಿಸಿದ ಚುಕ್ಕಾಣಿಯು ಸ್ಪಷ್ಟವಾಗಿ ಕಾಣುತ್ತದೆ. ಹಡಗು, ಹಾಯಿ ಎಂಬುವು ದೇಶ್ಯಪದಗಳು. ಬಂದರು, ಲಂಗರು ಎಂಬುವು ಪಾರಸಿಯವು. ಕಡಲಿನ ಕನ್ನಡವು ಹೀಗೆ ಹಲವು ತೀರಗಳಿಂದ ಕೂಡಿಬಂದುದಾಗಿದೆ.

ಶಬ್ದವು ಹೊರಗಿನದಾದರೂ ಅದರ ಲಾಕ್ಷಣಿಕ ಪ್ರಯೋಗದ ಹಿಂದಿರುವ ಕಲ್ಪನೆಯು ನಮಗೆ ಹೊಸದಲ್ಲ. ಸಂಸ್ಕೃತದಲ್ಲಿ ‘ಕರ್ಣ’ವೆಂದರೆ ಚುಕ್ಕಾಣಿಯೆಂಬ ಅರ್ಥವೂ ಉಂಟು, ಅದನ್ನು ಹಿಡಿದವನು ‘ಕರ್ಣಧಾರ’. ಅಮರಕೋಶವು ಕರ್ಣಧಾರ, ನಾವಿಕ ಎಂಬುವನ್ನು ಪರ್ಯಾಯಗಳಾಗಿ ಹೇಳುತ್ತದೆ. ಮುಂದಾಳನ್ನು ಕರ್ಣಧಾರನೆಂದು ಕರೆಯುವ ರೂಢಿಯೂ ಇದೆ. ಇಂಗ್ಲಿಷಿನ ‘ಗವರ್ನರ್’ ಎಂಬ ಮಾತು ಕೂಡ ಗ್ರೀಕ್, ಲ್ಯಾಟಿನ್ನುಗಳ ಮೂಲಕ ಬಂದುದಾಗಿ, ಹಡಗನ್ನು ನಡೆಸುವವನೆಂಬ ಅರ್ಥದಿಂದಲೇ ಹುಟ್ಟಿದೆ.

ಆದಕಾರಣ ‘ಚುಕ್ಕಾಣಿ ಹಿಡಿ’ ಎಂಬುದು ಸಾಧುವಾದ ಪ್ರಯೋಗ; ‘ಚುಕ್ಕಾಣಿ ಏರು’ ಎಂದರೆ ಅಸಂಗತ. ಗದ್ದುಗೆಯು ಕುಳಿತುಕೊಳ್ಳುವ ಸ್ಥಾನ. ಚುಕ್ಕಾಣಿಯು ಕೈಬಿಡದೆ ಮಾಡಬೇಕಾದ ಕೆಲಸ. ಹಡಗನ್ನು ನಡೆಸುವ ಬಲವು ಗಾಳಿಯದು, ಹಾಯಿಯದು, ಹುಟ್ಟು ಹಾಕುವವರದು; ಚುಕ್ಕಾಣಿಗನದು ದಿಕ್ಕಿನ ಹೊಣೆ ಮಾತ್ರ. ಕೋಶಕಾರರು ಕಡಲಿಗರ ಅರ್ಥವನ್ನು ಮೊದಲು ಹೇಳಿ, ಅದರಿಂದ ರಾಜಕೀಯದ ಅರ್ಥವನ್ನು ತೋರಿಸಿದಲ್ಲಿ, ಅಧಿಕಾರವನ್ನು ಕುರಿತ ಈ ವಿವೇಕವೂ ಶಬ್ದದೊಡನೆ ಉಳಿಯುವುದು.