ರಟ್ಟಿನ ಕೊಳವೆಗೆ ಗಾಜಿನ ಬಟ್ಟೆ

ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಆ ಶೆಡ್ಡಿಗೆ ಬರುವುದು ಸಾಮಾನ್ಯವಾಗಿ ಏಟು ತಿಂದ ಗಾಡಿಗಳು. ಊಟಿ ಘಾಟಿಯಲ್ಲಿ ಮೂತಿ ಜಜ್ಜಿಕೊಂಡ ಟೆಂಪೊ, ಬಂಪರ್ ಸೀಳಿದ ವಯನಾಡಿನ ಕಾರು, ಬಾಗಿಲು ಕಿತ್ತುಬಂದ ತರಕಾರಿ ಲಾರಿ. ಹೊರಗೆ ಮುಂಗಾರಿನ ಸೋನೆ. ರಸ್ತೆಯಾಚೆ ಸೂರ್ಯಕಾಂತಿ, ಅದರ ಪಕ್ಕಕ್ಕೆ ಚೆಂಡು ಹೂ. ಕೇರಳದಿಂದ ಬಂದವರು ಕೊಡೆ ಹಿಡಿದೇ ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ಹೊಲದ ಯಜಮಾನ ಬದುವಿನ ಮೇಲೆ ನಿಂತು ತಲೆಗಿಷ್ಟು ಎಂದು ದುಡ್ಡು ಎತ್ತುತ್ತಿದ್ದಾನೆ. ಒಳಗೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಒಂದು ರಾಕೆಟ್ ಮಲಗಿದೆ.

ಎಬ್ಬಿಸಿ ನಿಲ್ಲಿಸಿದರೆ ಆಳುದ್ದ ಮೀರುತ್ತದೆ. ದಪ್ಪ ರಟ್ಟಿನ ಕೊಳವೆ, ಪ್ಲಾಸ್ಟಿಕ್ಕಿನ ಚೂಪು ಮೂತಿ, ಪ್ಲೈವುಡ್ಡಿನ ಮೂರು ರೆಕ್ಕೆ, ಮೋಟರ್ ಕೂರಲು ಒಳಗೊಂದು ಸಣ್ಣ ಕೊಳವೆ, ಅದನ್ನು ನಟ್ಟನಡುವೆ ಹಿಡಿದಿಡುವ ಪ್ಲೈವುಡ್ ಬಳೆಗಳು, ಒಂದು ಪ್ಯಾರಾಚೂಟು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಊರಿನ ಹುಡುಗನೊಬ್ಬ ಹೊರದೇಶದ ಗೆಳೆಯನ ಕೈಯಲ್ಲಿ ತರಿಸಿದ ಕಿಟ್ಟು ಇದು. ಮದ್ದು ತುಂಬಿದ ಮೋಟರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಪೆಟ್ಟಿಗೆಯಲ್ಲಿತ್ತು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಟ್ಟುವ ವಸ್ತುವಲ್ಲವಾದ್ದರಿಂದ ಊರಿಗೆ ಹೊತ್ತು ತಂದಿದ್ದಾನೆ.

"ಇದು ಮ್ಯಾಲಕ್ಕೆ ಹೋಯ್ತದಾ ಸಾ?" ಬಾಗಿಲಲ್ಲಿ ನಿಂತ ಸ್ಕೂಲು ಹುಡುಗರ ಗುಂಪಿನಿಂದ ಒಬ್ಬ ಕೇಳಿದ. ಉತ್ತರ ಕೊಟ್ಟಿದ್ದು ಶೆಡ್ಡಿನ ಯಜಮಾನರು: "ಹೋಗದು ಆಮ್ಯಾಲೆ ಕಲಾ. ಮೊದ್ಲು ಗಟ್ಟಿ ನಿಂತ್ಕಬೇಕು."

ಆ ಮಾತಿನಲ್ಲಿ ಇಡೀ ಕಸುಬು ಅಡಗಿದೆ. ಕಿಟ್ಟಿನ ಜೊತೆ ಬಂದ ಹಾಳೆಯನ್ನು ನೋಡಿಕೊಂಡು ಅಂಟಿಸುತ್ತ ಹೋದರೆ ರಾಕೆಟ್ ಆಗುವುದೇನೋ ಹೌದು. ಆದರೆ ಗಾತ್ರ ಏರಿದಂತೆ, ದೊಡ್ಡ ಮೋಟರ್ ಹಾಕುವ ಆಸೆ ಹುಟ್ಟಿದಂತೆ, ಬರೀ ರಟ್ಟು ಸಾಲದು. ಎಲ್ಲಿ ಒತ್ತಡ ಬೀಳುತ್ತದೆ, ಮೊದಲು ಯಾವುದು ಬಿಡುತ್ತದೆ ಎಂದು ನೋಡಿ ಅಲ್ಲಲ್ಲೇ ಬಲ ಕೊಡಬೇಕು. ಅದನ್ನು ಗುರುತಿಸುವ ಕಣ್ಣು ಎಂಜಿನಿಯರ್ ಹುಡುಗನಿಗಿಂತ ಈ ಶೆಡ್ಡಿನವರಿಗೆ ಒಂದು ಹಿಡಿ ಹೆಚ್ಚೇ ಇದೆ ಎಂದು ನನಗನ್ನಿಸಿತು. ದಿನ ಬೆಳಗಾದರೆ ಅವರು ನೋಡುವುದೇ ಮುರಿದ ಜಾಗಗಳನ್ನು.

ಮೋಟರ್ ಉರಿದಾಗ ನೂಕುವುದು ನೇರವಾಗಿ ಹೊರಗಿನ ಕೊಳವೆಯನ್ನಲ್ಲ, ಆ ಪ್ಲೈವುಡ್ ಬಳೆಗಳನ್ನು. ಬಳೆಯ ಅಂಟು ಬಿಟ್ಟರೆ ಮೋಟರ್ ಒಳಗೊಳಗೇ ಮೇಲಕ್ಕೆ ನುಗ್ಗಿ ಮೂತಿಯನ್ನು ಕಿತ್ತುಕೊಂಡು ಹೋಗುತ್ತದೆ, ರಾಕೆಟ್ ಮಾತ್ರ ನೆಲದಲ್ಲೇ ಉಳಿಯುತ್ತದೆ. ಅದಕ್ಕೇ ಬಳೆಯ ಎರಡೂ ಬದಿಗೆ ಎಪಾಕ್ಸಿಯ ದಪ್ಪ ಏಣು ಕಟ್ಟಬೇಕು. ರೆಕ್ಕೆಗಳದು ಬೇರೆ ಕತೆ. ಹೊರಮೈಗೆ ಬರೀ ಅಂಟಿಸಿದ ರೆಕ್ಕೆ ವೇಗಕ್ಕೆ ಪಟಪಟ ನಡುಗಿ ಸೀಳಬಹುದು. ಅಲ್ಲಿ ತಪ್ಪಿಸಿಕೊಂಡರೂ ಪ್ಯಾರಾಚೂಟಿನಲ್ಲಿ ಇಳಿಯುವಾಗ ಮೊದಲು ನೆಲಕ್ಕೆ ಬಡಿಯುವುದು ಅದರ ಅಂಚೇ. ಹಾಗಾಗಿ ಕೊಳವೆಯಲ್ಲಿ ಸೀಳು ಕೊರೆದು, ರೆಕ್ಕೆಯ ಬುಡವನ್ನು ಒಳಗಿನ ಮೋಟರ್ ಕೊಳವೆಯವರೆಗೂ ಇಳಿಸಿ, ಒಳಗೂ ಹೊರಗೂ ಅಂಟು ಕೊಡುತ್ತಾರೆ. ಇದನ್ನು ನೋಡಲು ಬಂದ ಆಚಾರ್ರು, "ಮಂಚದ ಕಾಲಿಗೆ ನಾವು ಮಾಡದೂ ಇದೇ ಅಲ್ವಾ," ಎಂದು ಉಪ್ಪುಕಾಗದ ಕೈಗೆತ್ತಿಕೊಂಡವರು ಮತ್ತೆ ಏಳಲಿಲ್ಲ.

ಅಸಲಿ ಕೆಲಸ ಶುರುವಾದದ್ದು ಗಾಜಿನ ಬಟ್ಟೆ ಬಂದ ಮೇಲೆ. ಬಂಪರ್ ರಿಪೇರಿಗೆ ಬಳಸುವ ಒರಟು ಫೈಬರ್ ಮ್ಯಾಟ್ ಅಲ್ಲ, ಸೀರೆಯ ಸೆರಗಿನಂತೆ ಜಾರುವ ನಯವಾದ ನೇಯ್ಗೆ. ಯಜಮಾನರು ಕೊಳವೆಯ ಮೇಲಿನ ಹೊಳಪು ಪದರವನ್ನು ಉಜ್ಜಿ ತೆಗೆದರು. ರೆಸಿನ್ನಿಗೆ ಹಾರ್ಡನರ್ ಬೆರೆಸಿದರು. ಸೋನೆ ಹಿಡಿದ ದಿನ, ಗಾಳಿಯೆಲ್ಲ ತೇವ, ಅಂಟು ಒಣಗುವುದು ನಿಧಾನ. ಎರಡು ದೊಡ್ಡ ಬಲ್ಬುಗಳನ್ನು ಕೆಳಗೆ ಹಚ್ಚಿಟ್ಟರು. ಬಟ್ಟೆ ಸುತ್ತುತ್ತ, ಬ್ರಷ್ಷಿನಿಂದ ಒತ್ತುತ್ತ, ಗಾಳಿಗುಳ್ಳೆಯನ್ನು ಹೆಬ್ಬೆರಳಿನಿಂದ ಅಂಚಿಗೆ ತಳ್ಳುತ್ತ ಹೋದರು. ಬಿಳಿ ಬಟ್ಟೆ ರೆಸಿನ್ ಕುಡಿದಂತೆ ಕಣ್ಣೆದುರಿಗೇ ಮಾಯವಾಗಿ ಕೆಳಗಿನ ಕಂದು ರಟ್ಟು ಎದ್ದು ಬಂತು. ಹುಡುಗರು ಬಾಗಿಲು ದಾಟಿ ಒಳಗೇ ಬಂದುಬಿಟ್ಟರು. ಉಜ್ಜುವ ಸರದಿ ಬಂದಾಗ ಯಜಮಾನರು ಅವರನ್ನೆಲ್ಲ ಹೊರಗಟ್ಟಿ, ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಗಾಜಿನ ಧೂಳು ಮೈಗೆ ತಾಕಿದರೆ ರಾತ್ರಿಯಿಡೀ ನೆವೆ, ಎದೆಗೆ ಹೋದರೆ ಇನ್ನೂ ಕೆಟ್ಟದ್ದು.

ಕೊಳವೆಯನ್ನು ಗಟ್ಟಿ ಮಾಡುವ ಈ ಕೆಲಸ ಈ ಸೀಮೆಗೆ ಹೊಸದಲ್ಲ. ಹೈದರಾಲಿ, ಟಿಪ್ಪು ಕಾಲದ ಮೈಸೂರು ರಾಕೆಟ್ಟಿನ ಗುಟ್ಟೂ ಅದೇ. ಬಾಣಬಿರುಸು ಜಗತ್ತಿನ ಎಷ್ಟೋ ಕಡೆ ಇತ್ತು, ಆದರೆ ಅದರ ಕೊಳವೆ ಕಾಗದದ್ದೋ ಬಿದಿರಿನದೋ ಆಗಿರುತ್ತಿತ್ತು. ಒಳಗೆ ಒತ್ತಡ ಹೆಚ್ಚಿದರೆ ಅದೇ ಸಿಡಿದುಹೋಗುತ್ತಿತ್ತು. ಮೈಸೂರಿನವರು ಕಬ್ಬಿಣದ ಕೊಳವೆ ಮಾಡಿದರು. ಸುಮಾರು 20 ಸೆಂಟಿಮೀಟರ್ ಉದ್ದ, 4ರಿಂದ 8 ಸೆಂಟಿಮೀಟರ್ ದಪ್ಪ, ಒಂದು ತುದಿ ಮುಚ್ಚಿದ್ದು. ಒಳಗೆ ಮದ್ದು ಬಿಗಿಯಾಗಿ ತುಂಬಬಹುದು, ಒತ್ತಡ ತಡೆಯುತ್ತದೆ, ದೂರ ಹೋಗುತ್ತದೆ. ಸಾವಿರ ಗಜದಾಚೆಯ ಗುರಿಗೂ ಅದು ಬೀಳುತ್ತಿತ್ತು. ಕೊಳವೆಯನ್ನು ಉದ್ದನೆ ಬಿದಿರಿಗೋ ಕತ್ತಿಯ ಅಲಗಿಗೋ ತೊಗಲಿನ ಬಾರಿನಿಂದ ಬಿಗಿದು ಕಟ್ಟುತ್ತಿದ್ದರು. ರೆಕ್ಕೆ ಮಾಡುವ ಕೆಲಸವನ್ನು ಆ ಗಳುವೇ ಮಾಡುತ್ತಿತ್ತು.

1780ರಲ್ಲಿ ಪೊಳ್ಳಿಲೂರಿನಲ್ಲಿ ಬ್ರಿಟಿಷ್ ಕರ್ನಲ್ ಬೇಲಿಯ ಸೇನೆ ಸೋತ ಕಾಳಗದಲ್ಲಿ ಇವು ಹಾರಿದವು. ಆ ಯುದ್ಧದ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಈಗಲೂ ನೋಡಬಹುದು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಸಿಕ್ಕ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ವುಲಿಚ್ಚಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ; 1807ರ ಹೊತ್ತಿಗೆ ಕೋಪನ್‌ಹೇಗನ್ ನಗರದ ಮೇಲೆ ಅದರ ಮಳೆ ಸುರಿಯಿತು. ಕಾಂಗ್ರೀವ್ ಹೆಸರು ಉಳಿಯಿತು. ನಮ್ಮ ಕಮ್ಮಾರರ ಹೆಸರು ಒಂದೂ ಇಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೆ ಬಾವಿಯ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಎದ್ದುಬಂದವು. ಆ ಕೈಗಳಿಂದ ನಮಗೆ ಬಂದಿರುವ ಪತ್ರ ಅಂದರೆ ಅಷ್ಟೇ.

ಪ್ಯಾರಾಚೂಟಿನ ಹಗ್ಗಕ್ಕೆ ಅಗಲದ ನೈಲಾನ್ ಪಟ್ಟಿ ಹುಡುಕಿಕೊಂಡು ಚಾಮರಾಜನಗರಕ್ಕೆ ಹೋದೆವು. ಮೇಲೆ ಪ್ಯಾರಾಚೂಟ್ ಫಟ್ಟೆಂದು ಬಿಚ್ಚಿಕೊಂಡಾಗ ಸಪೂರ ಹಗ್ಗವಾದರೆ ಕೊಳವೆಯ ಬಾಯನ್ನು ಮೇಲಿನಿಂದ ಕೆಳಗೆ ಸೀಳಿಬಿಡುತ್ತದೆ. ಪಟ್ಟಿ ಸಿಕ್ಕಿದ್ದು ಬ್ಯಾಗು ಹೊಲಿಯುವವರ ಅಂಗಡಿಯಲ್ಲಿ. ಅಲ್ಲಿಂದ ಚಾಮರಾಜೇಶ್ವರ ದೇವಸ್ಥಾನದ ಕಡೆ ನಡೆದೆವು. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹೆಸರಿನಲ್ಲಿ 1826ರಲ್ಲಿ ಕಟ್ಟಿಸಿದ ಗುಡಿ. ಆಷಾಢದಲ್ಲಿ ತೇರು ಎಳೆಯುವ ಜಾಗ. ತವರಿಗೆ ಹೋದ ಹೊಸ ಮದುವಣಗಿತ್ತಿಯರೂ ಅವರ ಗಂಡಂದಿರೂ ಇಲ್ಲಿ ಸಿಕ್ಕು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. 2017ರ ಬೆಂಕಿಗೆ ಹಳೆ ತೇರು ಸಿಕ್ಕಿ, ವರ್ಷಗಟ್ಟಲೆ ಉತ್ಸವ ನಿಂತು, ಹೊಸ ತೇರು ಬೀದಿಗಿಳಿದದ್ದು 2022ರಲ್ಲಿ. ರಾಕೆಟ್ ಹುಡುಗ ತೇರಿನ ಕೀಲುಗಳನ್ನೇ ನೋಡುತ್ತ ನಿಂತ. ಇಷ್ಟು ಎತ್ತರ, ಇಷ್ಟು ತೂಕ, ಸಾವಿರಾರು ಜನರ ಎಳೆತ, ಹಳ್ಳದಿಣ್ಣೆಯ ರಸ್ತೆ. "ಮೇಲೆ ಹಗುರ, ಕೆಳಗೆ ಭಾರ," ಎಂದ. "ನಮ್ಮದು ಇದಕ್ಕೆ ತಲೆಕೆಳಗು."

ಅದು ನಿಜ, ಕಷ್ಟವೂ ಅಲ್ಲೇ. ತೇರು ಬೀಳದಿರಲು ಭಾರ ಬುಡದಲ್ಲಿರಬೇಕು. ರಾಕೆಟ್ ನೆಟ್ಟಗೆ ಹಾರಲು ಅದರ ತೂಕದ ನಡುಬಿಂದು ಗಾಳಿ ಒತ್ತುವ ನಡುಬಿಂದುವಿಗಿಂತ ಮುಂದಿರಬೇಕು, ಕಡಿಮೆಯೆಂದರೆ ಕೊಳವೆಯ ಒಂದು ದಪ್ಪದಷ್ಟು. ರೆಕ್ಕೆಗೆ ಬಲ ಕೊಡಲು ಸುರಿದ ಎಪಾಕ್ಸಿ, ಸುತ್ತಿದ ಗಾಜಿನ ಬಟ್ಟೆ ಎಲ್ಲ ಬಾಲದ ಕಡೆ ಸೇರಿ ಆ ಬಿಂದುವನ್ನು ಹಿಂದಕ್ಕೆ ಎಳೆದಿದ್ದವು. ಗಾಳಿಯ ಲೆಕ್ಕಕ್ಕೆ ಅಮೆರಿಕದ ಜೇಮ್ಸ್ ಬ್ಯಾರೊಮನ್ 1960ರ ದಶಕದಲ್ಲಿ ಕೊಟ್ಟ ಸೂತ್ರಗಳಿವೆ. ಹುಡುಗನ ಲ್ಯಾಪ್‌ಟಾಪಿನಲ್ಲಿ ಅವು ಕೂತಿದ್ದವು. ತೂಕದ ಲೆಕ್ಕಕ್ಕೆ ಶೆಡ್ಡಿನ ಜಂತಿಗೆ ಕಟ್ಟಿದ ಹಗ್ಗವೇ ಸಾಕಾಯಿತು. ತೂಗುಹಾಕಿದಾಗ ಬಾಲ ಕೆಳಗಿಳಿಯಿತು. ಯಜಮಾನರು ಪಕ್ಕದ ಟೈರ್ ಅಂಗಡಿಯಿಂದ ವೀಲ್ ಬ್ಯಾಲೆನ್ಸಿಂಗಿಗೆ ಬಡಿಯುವ ಸೀಸದ ತುಂಡುಗಳನ್ನು ಹಿಡಿಯಷ್ಟು ತರಿಸಿ, ಮೂತಿಯೊಳಗೆ ಒಂದೊಂದಾಗಿ ಇಳಿಸುತ್ತ ಹೋದರು. ಗುರುತು ಹಾಕಿದ ಗೆರೆಯ ಮೇಲೆ ಹಗ್ಗ ಬಂದು ನಿಂತಾಗ, "ಸಾಕು, ಅಂಟಾಕು," ಎಂದರು.

ಹಾರಿಸುವ ಮಾತು ಬಂದಾಗ ಮಾತ್ರ ಎಲ್ಲರೂ ದಕ್ಷಿಣಕ್ಕೆ ನೋಡಿದರು. ಆ ದಿಕ್ಕಿಗೆ ಬಂಡೀಪುರ. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಕಾಡು ಹೊತ್ತಿ ಉರಿದದ್ದನ್ನು ಊರು ಮರೆತಿಲ್ಲ. ಮೋಟರ್ ಎಂದರೆ ಕಾನೂನಿನ ಕಣ್ಣಿಗೆ ಸಿಡಿಮದ್ದು. ಅನುಮತಿಯಿಲ್ಲದೆ ತರುವಂತಿಲ್ಲ, ಉರಿಸುವಂತಿಲ್ಲ. ಹುಡುಗನೂ ಹಟ ಹಿಡಿಯಲಿಲ್ಲ. ಅನುಮತಿಯಿರುವ ಮೈದಾನ ಸಿಕ್ಕ ದಿನ ನೋಡೋಣ, ಅಲ್ಲಿಯವರೆಗೆ ಇದು ಸ್ಕೂಲಿನ ವಸ್ತುಪ್ರದರ್ಶನಕ್ಕೆ ಎಂದ. ಅಂಗಳದಲ್ಲಿ ಮಕ್ಕಳು ಹಾರಿಸಲು ಪೆಟ್ ಬಾಟಲಿಯ ನೀರಿನ ರಾಕೆಟ್ ಇದ್ದೇ ಇದೆ, ಸೈಕಲ್ ಪಂಪು ಒತ್ತಿದರೆ ಆಯಿತು.

ಪ್ರದರ್ಶನಕ್ಕಾದರೆ ಇದರ ಪಕ್ಕ ಒಂದು ಮೈಸೂರು ರಾಕೆಟ್ಟೂ ನಿಲ್ಲಲಿ, ಮದ್ದಿಲ್ಲದ್ದು, ಎಂದು ಆಚಾರ್ರು ಎತ್ತಿದ ಮಾತಿಗೆ ಶೆಡ್ಡೆಲ್ಲ ತಲೆಯಾಡಿಸಿತು. ಕೊಳವೆಗೆ ಯಜಮಾನರ ಬಳಿ ಹಳೆ ಸೈಲೆನ್ಸರ್ ತುಂಡಿತ್ತು. ಬಾರಿಗೆ ಚಪ್ಪಲಿ ಹೊಲಿಯುವವರು ಒಪ್ಪಿದರು. ಉಳಿದದ್ದು ಗಳು. ಬುಟ್ಟಿ, ಮೊರ, ಏಣಿ ಪೇರಿಸಿಟ್ಟಿದ್ದ ಮೇದರ ಅಂಗಡಿಯ ಮುಂದೆ ನಿಂತೆವು.

"ಚಪ್ಪರಕ್ಕಾ, ಏಣಿಗಾ?"

"ರಾಕೆಟ್ಟಿಗಮ್ಮ."

ಆಕೆ ನಗಲಿಲ್ಲ. ರಾಶಿಯಿಂದ ಎರಡು ಎಳೆದು ಪಕ್ಕಕ್ಕಿಟ್ಟು, ಮೂರನೆಯದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿದರು. ಗೆಣ್ಣು ಗೆಣ್ಣಿಗೂ ಬೆರಳಿನಿಂದ ಕುಟ್ಟಿದರು. "ಇದು ಅಮಾಸೆ ಕಡೆ ಕಡ್ದಿದ್ದು, ಹುಳ ಹಿಡಿಯಲ್ಲ. ಹಸೀದು ತಕ್ಕೋದ್ರೆ ಒಣಗ್ತಾ ಸೊಟ್ಟ ಆಯ್ತದ, ಆಮ್ಯಾಲೆ ನನ್ನ ಬಯ್ಯಬ್ಯಾಡಿ," ಎಂದವರು ಹೇಳಿದ ಬೆಲೆ ಏಣಿಯ ಬಿದಿರಿಗಿಂತ ಹೆಚ್ಚೇ ಇತ್ತು. ಚೌಕಾಸಿ ಇನ್ನೂ ನಡೆದಿದೆ.