ಮುಂಬಯಿಯ ರುಚಿ ಬಲ್ಲ ಉಡುಪಿ ಹೋಟೆಲು

ಬೊರಿವಲಿ, ಮುಲುಂಡ್, ಚೆಂಬೂರು, ಠಾಣೆ – ಯಾವ ಸ್ಟೇಷನ್ನಿನಲ್ಲಿ ಇಳಿದರೂ ಸರಿ, ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟರೆ ನಮ್ಮ ಕರಾವಳಿಯವರ ಹೋಟೆಲೊಂದು ಸಿಗುತ್ತದೆ. ಮೆನು ಕಾರ್ಡಿನ ಮೊದಲ ಪುಟದಲ್ಲಿ ಇಡ್ಲಿ, ಮೆದುವಡೆ, ದೋಸೆ. ಪುಟ ತಿರುವಿದರೆ ಪಾವ್‌ಭಾಜಿ, ಸ್ಯಾಂಡ್‌ವಿಚ್. ಇನ್ನೂ ಮುಂದೆ ಪನೀರ್ ಬಟರ್ ಮಸಾಲಾ, ದಾಲ್ ಖಿಚಡಿ, ಶೆಜ್ವಾನ್ ರೈಸ್, ಪಿಜ್ಜಾ; ಕೊನೆಯಲ್ಲಿ ಫಲೂದಾ, ಹಣ್ಣಿನ ರಸ. ಅಜ್ಜನಿಗೆ ಇಡ್ಲಿ, ಮೊಮ್ಮಗನಿಗೆ ನೂಡಲ್ಸ್, ಸೊಸೆಗೆ ತಂದೂರಿ ರೊಟ್ಟಿ. ಟೇಬಲ್ಲೂ ಒಂದೇ, ಬಿಲ್ಲೂ ಒಂದೇ. ಉಪನಗರಗಳ ಮಧ್ಯಮ ವರ್ಗದವರು ಭಾನುವಾರ ಸಂಜೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಗೆ ಊಟಕ್ಕೆ ಹೋಗುವ ರೂಢಿ ಬೆಳೆದದ್ದು ಇಂಥ ಹೋಟೆಲುಗಳಲ್ಲಿ.

ಇದನ್ನು ಕಂಡು ಉಡುಪಿ ಹೋಟೆಲಿನ ಹೆಸರು ಕೆಟ್ಟಿತೆಂದು ಮರುಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎದುರಿಗೆ ಕೂತವನಿಗೆ ಏನು ಬೇಕು, ಅವನ ಜೇಬಿನಲ್ಲಿ ಎಷ್ಟಿದೆ ಎಂದು ಅರಿತು ಬಡಿಸುವುದೇ ಮೊದಲಿನಿಂದಲೂ ಇವರ ಕಸುಬು. ಇಡ್ಲಿ ಅದಕ್ಕೆ ಸಿಕ್ಕ ಮೊದಲ ಉತ್ತರ, ಅಷ್ಟೆ.

ಆ ಮೊದಲ ಉತ್ತರ ಇಂದಿಗೂ ಮಾಟುಂಗದಲ್ಲಿ ಕಾಣಸಿಗುತ್ತದೆ. 1896ರ ಪ್ಲೇಗಿನ ಹಾವಳಿಯ ಬಳಿಕ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್, ನಗರದ ಉತ್ತರಕ್ಕೆ ದಾದರ್–ಮಾಟುಂಗ ಬಡಾವಣೆಯನ್ನು ರೂಪಿಸಿತು. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು ಅಲ್ಲಿ ನೆಲೆಸಿದರು. ಅವರಲ್ಲಿ ಎಷ್ಟೋ ಮಂದಿ ಒಂಟಿ ಗಂಡಸರು, ಸಂಬಳ ಸಣ್ಣದು, ಅನ್ನ-ಸಾರು ಇಲ್ಲದೆ ಊಟ ಸೇರದವರು. ಉಡುಪಿ ಕಡೆಯಿಂದ ಬಾಲಕನಾಗಿ ಬಂದು ಅಡುಗೆಮನೆಗಳಲ್ಲಿ ದುಡಿದ ಎ. ರಾಮ ನಾಯಕರು 1942ರಲ್ಲಿ ಸ್ಟೇಷನ್ ಪಕ್ಕದಲ್ಲೇ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ತೆರೆದರು. ಮೆಟ್ಟಿಲು ಹತ್ತಿ ಹೋದರೆ ಈಗಲೂ ಬಾಳೆಎಲೆಯ ಊಟ. ಹೊಟ್ಟೆ ತುಂಬ ಉಣ್ಣುವವರಿಗೆ ಒಂದು ದರ, ಮಿತವಾಗಿ ಉಣ್ಣುವವರಿಗೆ ಇನ್ನೊಂದು. ತಿಳಿಸಾರು, ಹುಳಿ, ಪಲ್ಯದ ಜೊತೆಗೆ ಚಪಾತಿ ಅಥವಾ ಪೂರಿಯೂ ಎಲೆಗೆ ಬೀಳುತ್ತದೆ. ಉಡುಪಿಯ ಊಟಕ್ಕೆ ಚಪಾತಿ ಸೇರಿದ್ದು ಈ ಊರಿನ ಗಿರಾಕಿಗಾಗಿಯೇ.

ಸುತ್ತಮುತ್ತಲಲ್ಲೇ 1936ರ ಕೆಫೆ ಮೈಸೂರು, 1939ರ ರಾಮ ಆಶ್ರಯ, 1940ರಲ್ಲಿ ಕಾಮತ್ ಕುಟುಂಬ ಆರಂಭಿಸಿದ ಕೆಫೆ ಮದ್ರಾಸ್ ಇವೆ. ರಾಮ ಆಶ್ರಯ ಬೆಳಗಿನ ಐದಕ್ಕೇ ಬಾಗಿಲು ತೆರೆಯುತ್ತದೆ. ಅಂದಿನ ವಿಶೇಷಗಳನ್ನು ಹೊರಗೆ ಹಲಗೆಯ ಮೇಲೆ ಕೈಯಲ್ಲೇ ಬರೆದಿಡುತ್ತಾರೆ. ಅನಾನಸಿನ ಶೀರಾ ಇದ್ದರೆ ಬಿಡಬಾರದು. ಕೆಫೆ ಮದ್ರಾಸಿನ ರಸಂ ವಡೆ, ರಾಗಿ ದೋಸೆಗಾಗಿ ದೂರದ ಉಪನಗರಗಳಿಂದಲೂ ಜನ ಬಂದು ಸಾಲು ನಿಲ್ಲುತ್ತಾರೆ. ಸಾಲಿನಲ್ಲಿ ಗುಜರಾತಿ ಕೇಳಿಸುತ್ತದೆ, ಮರಾಠಿ ಕೇಳಿಸುತ್ತದೆ. ಗುಮಾಸ್ತರ ಮೆಸ್ಸಿನ ಕಾಲ ಮುಗಿದು ಎಷ್ಟೋ ವರ್ಷವಾಯಿತು.

ಗಿರಾಕಿ ಬದಲಾದಂತೆ ಕಾವಲಿಯೂ ಬದಲಾಯಿತು. ಮುಂಬಯಿಯ ಮೈಸೂರು ಮಸಾಲೆಯನ್ನೇ ನೋಡಿ. ಹಿಟ್ಟು ಹರಡಿ, ಬೆಣ್ಣೆ ಎಳೆದು, ಬೆಳ್ಳುಳ್ಳಿಯ ಖಾರದ ಕೆಂಪು ಚಟ್ನಿ ಸವರುತ್ತಾರೆ. ಕೆಲವು ಕಡೆ ಈರುಳ್ಳಿ, ಟೊಮೆಟೊ, ದೊಣ್ಣೆಮೆಣಸು, ಆಲೂಗಡ್ಡೆಯನ್ನು ದೋಸೆಯ ಮೇಲೆಯೇ ಹಾಕಿ ಪಾವ್‌ಭಾಜಿಯಂತೆ ಮಸೆದುಬಿಡುತ್ತಾರೆ. ಮೈಸೂರಿನವರು ಗುರುತು ಹಿಡಿಯಲಾರರು. ಆದರೆ ಬೆಣ್ಣೆಗೆ ಅಂಚು ಕೆಂಪಾದ ಆ ದೋಸೆಯ ಬಿಸಿಬಿಸಿ ತುಂಡು ಬಾಯಿಗಿಟ್ಟವರು ಅದನ್ನು ಕೀಳೆಂದಾರೇ? ಜೈನ ಗಿರಾಕಿಗಳಿಗಾಗಿ ಇದೇ ಅಡುಗೆಮನೆಗಳು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಇಲ್ಲದ ಪಾವ್‌ಭಾಜಿಯನ್ನು ಬಾಳೆಕಾಯಿಯಲ್ಲಿ ಮಾಡುತ್ತವೆ. ಈರುಳ್ಳಿ-ಬೆಳ್ಳುಳ್ಳಿ ಮುಟ್ಟದ ಮಠದ ಅಡುಗೆಯ ಊರಿನಿಂದ ಬಂದವರಿಗೆ ಇದು ಹೊಸ ವಿದ್ಯೆಯೇನಲ್ಲ.

ಮುಲ್ಕಿಯ ರಘುನಂದನ ಕಾಮತರ ಕಥೆಯನ್ನು ಇಲ್ಲಿ ಹೇಳಲೇಬೇಕು. ತಂದೆ ಹಣ್ಣಿನ ವ್ಯಾಪಾರಿ. ಮಗನಿಗೆ ಹಣ್ಣಿನ ಹದ ಮನೆಯಲ್ಲೇ ತಿಳಿದಿತ್ತು. ಮುಂಬಯಿಯಲ್ಲಿ ಅಣ್ಣಂದಿರ ಹೋಟೆಲಿನಲ್ಲಿ ದುಡಿದು 1984ರಲ್ಲಿ ಜುಹೂದಲ್ಲಿ ಐಸ್‌ಕ್ರೀಮ್ ಅಂಗಡಿ ತೆರೆದರು. ಬರಿಯ ಐಸ್‌ಕ್ರೀಮಿಗೆ ಜನ ಬರುವರೆಂಬ ಭರವಸೆ ಇರಲಿಲ್ಲ. ಹಾಗಾಗಿ ಮೊದಮೊದಲು ಖಾರದ ಪಾವ್‌ಭಾಜಿಯನ್ನೂ ಇಟ್ಟರು. ಬಾಯಿ ಉರಿದವರು ತಂಪು ಕೇಳಿದರು. ‘ನ್ಯಾಚುರಲ್ಸ್’ ಬೆಳೆದದ್ದು ಹೀಗೆ. ಇಂದು ಅದರ ಎಳನೀರು ಐಸ್‌ಕ್ರೀಮನ್ನು ದೇಶದ ಎಷ್ಟೋ ಊರುಗಳಲ್ಲಿ ತಿನ್ನುತ್ತಾರೆ. ಕಾಮತರು 2024ರಲ್ಲಿ ತೀರಿಕೊಂಡರು.

ಮೀನು ತಿನ್ನುವವರಿಗೆ ಫೋರ್ಟ್ ಭಾಗದ ಲಂಚ್ ಹೋಮ್‌ಗಳಿವೆ. ಆಫೀಸಿನವರ ಮಧ್ಯಾಹ್ನದ ಊಟಕ್ಕೆಂದು ಶುರುವಾದ ಮಹೇಶ್ ಲಂಚ್ ಹೋಮ್‌ನಂಥವು ಕೋರಿ ರೊಟ್ಟಿ, ನೀರುದೋಸೆ, ಮೀನಿನ ಗಸಿಯನ್ನು ಊರಿಗೆಲ್ಲ ಪರಿಚಯಿಸಿದವು. ಬೆಣ್ಣೆ-ಬೆಳ್ಳುಳ್ಳಿಯ ಏಡಿ ಈಗ ದುಬಾರಿ; ಗಸಿ-ಅನ್ನ ಉಣ್ಣಲು ಇಂದಿಗೂ ಒಳಗಲ್ಲಿಗಳ ಸಣ್ಣ ಖಾನಾವಳಿಗಳೇ ವಾಸಿ.

ಈ ಅಗ್ಗದ ಊಟದ ಹಿಂದೆ ಯಾರ ಬೆವರಿತ್ತೆಂಬುದನ್ನು ಮರೆತು ಬರೆಯಲಾಗದು. ಕುಂದಾಪುರ, ಉಡುಪಿ, ಕಾರ್ಕಳದ ಹಳ್ಳಿಗಳಿಂದ ಹತ್ತು-ಹನ್ನೆರಡರ ಹುಡುಗರು ಯಾರದೋ ಕೈಹಿಡಿದು ಬಂದರು. ಟೇಬಲ್ ಒರೆಸಿದರು, ಲೋಟ ತೊಳೆದರು, ರಾತ್ರಿ ಅದೇ ಟೇಬಲ್ಲಿನ ಮೇಲೆ ಮಲಗಿದರು. ಅವರಿಗೆ ದಾರಿ ತೋರಿದ್ದು ಮೊಗವೀರರು, ಬಿಲ್ಲವರು ಮತ್ತಿತರರ ಸಂಘಗಳು ನಡೆಸಿದ ಕನ್ನಡ ರಾತ್ರಿ ಶಾಲೆಗಳು. ದುಡಿತ ಮುಗಿಸಿ, ನಿದ್ದೆಗಣ್ಣಿನಲ್ಲೇ ಪಾಠ ಕೇಳಿ ಮೆಟ್ರಿಕ್ ಮುಗಿಸಿದವರು ಮುಂದೆ ಗಲ್ಲಾದಲ್ಲಿ ಕೂತರು, ವಕೀಲರಾದರು, ಬ್ಯಾಂಕು ಸೇರಿದರು. ಈ ಶಾಲೆಗಳ ಚರಿತ್ರೆಯನ್ನು ಹೋಟೆಲಿನ ಚರಿತ್ರೆಯಿಂದ ಬೇರೆ ಮಾಡಿ ಓದಬಾರದು. ಈಗ ಊರಿನ ಹುಡುಗರು ಈ ಕೆಲಸಕ್ಕೆ ಬರುವುದು ಕಡಿಮೆ. ದೋಸೆ ಹುಯ್ಯುವ ಕೈ ಉತ್ತರ ಪ್ರದೇಶದ್ದೋ ಒಡಿಶಾದ್ದೋ ಆಗಿರುತ್ತದೆ. ಹದ ಕಲಿಸಿದವರು ನಮ್ಮವರು.

ಮುಂಬಯಿಗೆ ಹೋದಾಗ ಮಾಟುಂಗಕ್ಕೆಂದು ಒಂದು ಬೆಳಗ್ಗೆಯನ್ನು ತೆಗೆದಿಡಿ. ಸೆಂಟ್ರಲ್ ಲೈನಿನ ಮಾಟುಂಗದಲ್ಲಿ ಇಳಿಯಬೇಕು. ವೆಸ್ಟರ್ನ್ ಲೈನಿನ ಮಾಟುಂಗ ರೋಡ್ ಬೇರೆ. ಭಾನುವಾರ ನೂಕುನುಗ್ಗಲು, ವಾರದ ನಡುವಿನ ದಿನವೇ ಒಳ್ಳೆಯದು. ತಿಂಡಿಗೆ ರಾಮ ಆಶ್ರಯ, ಊಟಕ್ಕೆ ರಾಮ ನಾಯಕರ ಬೋರ್ಡಿಂಗ್. ಅಲ್ಲಿ ಮೊದಲು ಹಣ ಕೊಟ್ಟು ಕೂಪನ್ ತೆಗೆದುಕೊಂಡು, ಸರದಿ ಬರುವವರೆಗೆ ಕಾಯಬೇಕು.