ಕೈದಾಳದಲ್ಲಿ ಒಂದು ಪಾಠ

ಸ್ಥಳೀಯ ಚರಿತ್ರೆಯನ್ನು ಕಲಿಸಲು ಮಕ್ಕಳನ್ನು ಸ್ಥಳಕ್ಕೇ ಕರೆದೊಯ್ಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅಲ್ಲಿ ಏನನ್ನು ಕೇಳಬೇಕೆಂಬುದೇ ಪ್ರಶ್ನೆ. ತುಮಕೂರು ನಗರಕ್ಕೆ ಹತ್ತಿರದ ಕೈದಾಳವನ್ನು ನೋಡೋಣ. ಜಕಣಾಚಾರಿಯು ವಿಗ್ರಹದ ದೋಷವನ್ನು ಮಗ ಡಂಕಣನಿಂದ ಅರಿತು ಕೈಯನ್ನು ಕಡಿದುಕೊಂಡನೆಂದೂ, ಇಲ್ಲಿ ಚನ್ನಕೇಶವನ ಗುಡಿಯನ್ನು ಕಟ್ಟಿದಾಗ ಅದು ಮರಳಿ ಬಂದಿತೆಂದೂ ಮಕ್ಕಳು ಮನೆಯಲ್ಲಿಯೇ ಕೇಳಿರುತ್ತಾರೆ. ಶಾಸನವು ಹೇಳುವುದು ಬೇರೆ: ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗೂಳಿ ಬಾಚಿಯು ಕ್ರಿ. ಶ. 1150ರ ಸುಮಾರಿನಲ್ಲಿ ಶಿವನಿಗೂ ವಿಷ್ಣುವಿಗೂ ಜಿನನಿಗೂ ಆಲಯಗಳನ್ನು ಕಟ್ಟಿಸಿದನು. ಹಲವು ಮತಗಳು ಕೂಡಿ ಬಾಳಿದುದಕ್ಕೆ ಇದಕ್ಕಿಂತ ಸುಲಭವಾದ ಪಾಠ ದೊರೆಯದು.

ಹಾಗಾದರೆ ಕಥೆಯು ಸುಳ್ಳೇ ಎಂದು ಮಗುವು ಕೇಳದಿರದು. ಹೌದೆಂದುಬಿಡುವ ಉಪಾಧ್ಯಾಯನು ಅವಸರಪಟ್ಟನೆಂದೇ ನಾವು ಭಾವಿಸುತ್ತೇವೆ. ಶಾಸನವು ಕಟ್ಟಿಸಿದ ಒಡೆಯನನ್ನು ಹೇಳುತ್ತದೆ. ಜನರು ಕಡೆದ ಶಿಲ್ಪಿಯನ್ನು ನೆನೆಯುತ್ತಾರೆ. ಟಿಪ್ಪಣಿ ಪುಸ್ತಕದ ಎಡಪುಟದಲ್ಲಿ ಕೇಳಿದುದನ್ನೂ ಬಲಪುಟದಲ್ಲಿ ಕಂಡುದನ್ನೂ ಬರೆಯಿಸಿದರೆ ಎರಡೂ ಉಳಿಯುತ್ತವೆ.

ಗುಬ್ಬಿಯಲ್ಲಿ ಎಡಪುಟವೇ ಬೇಗ ತುಂಬೀತು. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನೂ ಗುಬ್ಬಿ ವೀರಣ್ಣನವರನ್ನೂ ಕುರಿತು ಹಿರಿಯರನ್ನು ಮಾತನಾಡಿಸಿದರೆ ಸಾಕು. ಕುಣಿಗಲಿನಲ್ಲಿ, ಟಿಪ್ಪುವಿನ ಕುದುರೆ ಲಾಯದ ವಿಚಾರ ಮುಗಿದ ಮೇಲೆ, ಮಕ್ಕಳನ್ನು ಕೆರೆಯೇರಿಯ ಮೇಲೆ ಒಂದು ಗಂಟೆ ಕುಳ್ಳಿರಿಸಬೇಕು: ಕೆರೆಯ ಹಾಡು ಎಡಕ್ಕೆ, ತೂಬು ಕೋಡಿಗಳ ನಕ್ಷೆ ಬಲಕ್ಕೆ.